ಎಡಗಡೆಗೂ ಬ್ರೇಕು

ಬ್ಲೌಸು ಹೊಲಿಯುವವರಿಗೆ ಒಂದು ಸೊಕ್ಕಿರುತ್ತದೆ. ಉಬ್ಬುತಗ್ಗಿನ ಮೈಗೆ ಸುಕ್ಕಿಲ್ಲದೆ ಬಟ್ಟೆ ಕೂರಿಸುವವಳಿಗೆ ಕಾರಿನ ನೆಲ ಯಾವ ಲೆಕ್ಕ? ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹಿಂದೆ ಇಪ್ಪತ್ತು ವರ್ಷದಿಂದ ಲೇಡೀಸ್ ಟೈಲರ್ ಅಂಗಡಿ ಇಟ್ಟಿರುವ ನಾನು, ಅಪ್ಪನ ಹಳೇ ಅಂಬಾಸಿಡರ್ ಕಾರಿಗೆ ಹೊಸ ಕಾರ್ಪೆಟ್ ನಾನೇ ಹಾಕುತ್ತೇನೆ ಎಂದು ಹೊರಟಿದ್ದು ಈ ಸೊಕ್ಕಿನಿಂದಲೇ.

ಅದೇ ಬಸ್ ಸ್ಟ್ಯಾಂಡಿನ ಮುಂದೆ ಅಪ್ಪ ಆ ಕಾರನ್ನು ಟ್ಯಾಕ್ಸಿಯಾಗಿ ಓಡಿಸಿದವನು. ಮದುಮಕ್ಕಳು, ಹೆರಿಗೆ ನೋವಿನ ಹೆಂಗಸರು, ತಂಬೂರಿ ಸಮೇತ ರುದ್ರಪಟ್ಟಣಕ್ಕೆ ಹೊರಟ ಸಂಗೀತಗಾರರು, ಎಲ್ಲರನ್ನೂ ಹೊತ್ತ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಹಾಸನದ ಡಾಕ್ಟರು, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದುಬಿಟ್ಟರು. ಅಪ್ಪ ಮನೆಗೆ ಬಂದು ಕಾರಿನ ಕೀಯನ್ನು ನನ್ನ ಅಂಗೈಗೆ ಹಾಕಿದ.

"ನೀನ್ ಓಡಿಸ್ಕೊ. ಆದ್ರೆ ನಾನ್ ಮಾತ್ರ ಎಡಗಡೆ ಕೂರಾಕಿಲ್ಲ ಕಣವ್ವ. ಎಡಗಡೆ ಕೂರೋರು ಬಾಡಿಗೆ ಕೊಡೋರು."

ಎಡಗಡೆಯೂ ಇಲ್ಲ, ಹಿಂದುಗಡೆಯೂ ಇಲ್ಲ, ಬೇರೆಯವರ ಕಾರಂತೂ ಕೇಳಲೇಬೇಡಿ. ಹೀಗಾಗಿ ಹೊಳೆನರಸೀಪುರದಲ್ಲಿರುವ ತನ್ನ ಅಕ್ಕನನ್ನು ಅವನು ಎರಡು ವರ್ಷದಿಂದ ನೋಡಿರಲಿಲ್ಲ. ಸೊಂಟ ಮುರಿದುಕೊಂಡು ಮಲಗಿದ್ದ ಅತ್ತೆ ವಾರಕ್ಕೊಮ್ಮೆ ಫೋನ್ ಮಾಡಿ, "ನಾನ್ ಸತ್ಮೇಲೆ ಬತ್ತೀಯೇನ್ಲಾ?" ಎಂದು ಬಯ್ಯುತ್ತಿದ್ದಳು. "ಬತ್ತೀನಿ ಕಣಕ್ಕ" ಎಂದು ಅಪ್ಪ ಫೋನಿಟ್ಟು, ಟಾರ್ಪಾಲು ಹೊದ್ದುಕೊಂಡಿದ್ದ ಕಾರಿನ ಕಡೆ ತಿರುಗಿ ಕೂರುತ್ತಿದ್ದ. ಅದನ್ನು ನೋಡಿ ನೋಡಿ ನನಗೆ ರೋಸಿಹೋಯಿತು. ಕಾರನ್ನು ಮದುವೆ ಹೆಣ್ಣಿನ ಹಾಗೆ ಸಿಂಗರಿಸಿದರೆ ಮುದುಕ ಆಸೆಗೆ ಬಿದ್ದು ಹತ್ತಿಯೇ ಹತ್ತುತ್ತಾನೆ ಎಂದು ನನ್ನ ಲೆಕ್ಕಾಚಾರ.

ಟಿಂಕರ್ ಕೆಲಸದವನು ತುಕ್ಕು ತಿಂದ ನೆಲಕ್ಕೆ ಹೊಸ ತಗಡು ಬೆಸೆದ. ಬಣ್ಣವಾಯಿತು, ಇಂಜಿನ್ನು ಗೊರಕೆ ಬಿಟ್ಟು ಮಾತಾಡುವ ಹಾಗಾಯಿತು. ಉಳಿದಿದ್ದು ಕಾರ್ಪೆಟ್ಟು. ಹಾಸನದ ಕುಶನ್ ಅಂಗಡಿಯಲ್ಲಿ ಮೊದಲಿದ್ದಂಥದೇ ಮರೂನ್ ಬಣ್ಣದ ಒಂದು ತುಂಡು ಮಾತ್ರ ಸಿಕ್ಕಿತು.

"ಅಕ್ಕಾ, ಈ ಕಲರ್ ಇನ್ನೊಂದ್ ಪೀಸ್ ಸಿಗಾಕಿಲ್ಲ. ನೋಡ್ಕಂಡ್ ಕತ್ರಿ ಆಕಿ" ಎಂದ ಅಂಗಡಿಯವನು.

"ನನಗೆ ಕತ್ತರಿ ಪಾಠ ಹೇಳ್ತೀಯೇನಪ್ಪಾ?" ಎಂದೆ ನಾನು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ನಾನೂ ನನ್ನ ಯಜಮಾನರೂ ಮುಂದಿನ ಉದ್ದ ಸೀಟನ್ನು ಬಿಚ್ಚಿ ಹೊರಗಿಟ್ಟೆವು. ಯಜಮಾನರಿಗೆ ಕಾರು ಓಡಿಸಲು ಬಾರದು; ಅವರು ಗಾಜು ಒರೆಸುವ ಖಾತೆ ಸಚಿವರು. ಸೀಟಿನಡಿಯ ಸಂದಿಯಲ್ಲಿ ಯಾವ ಯಾವುದೋ ಮದುವೆಗಳ ಅಕ್ಷತೆ ಒಂದು ಹಿಡಿ ಸಿಕ್ಕಿತು. ಅದನ್ನು ಯಜಮಾನರು ನನ್ನ ತಲೆ ಮೇಲೆ ಸುರಿದು ಇನ್ನೊಂದು ಸಲ ಮದುವೆಯಾದೆ ಎಂದರು. ಅಲ್ಲಿಂದ ಶುರುವಾದ ನಗು ಸುಲಭಕ್ಕೆ ನಿಲ್ಲಲಿಲ್ಲ.

ಡ್ರೈವರ್ ಕಡೆಯ ನೆಲಕ್ಕೆ ಪೇಪರ್ ಹಾಸಿ ಅಳತೆ ತೆಗೆದೆ. ಈ ಕಾಲದ ಕಾರುಗಳ ಹಾಗಲ್ಲ, ಇದರಲ್ಲಿ ಆಕ್ಸಿಲರೇಟರ್ ಬಿಟ್ಟು ಉಳಿದ ಪೆಡಲ್ಲುಗಳು ನೆಲ ತೂರಿಕೊಂಡು ಮೇಲೆ ಬರುತ್ತವೆ. ಕ್ಲಚ್ಚಿಗೊಂದು, ಬ್ರೇಕಿಗೊಂದು, ಹೆಡ್‌ಲೈಟ್ ತಗ್ಗಿಸಲು ಕಾಲಲ್ಲಿ ಒತ್ತುವ ಡಿಪ್ಪರ್ ಗುಂಡಿಗೊಂದು, ಒಟ್ಟು ಮೂರು ತೂತು ಗುರುತು ಮಾಡಿದೆ. ಮಧ್ಯದ ಗೇರ್‌ಬಾಕ್ಸಿನ ಗುಡ್ಡಕ್ಕೆ ಬ್ಲೌಸಿಗೆ ಹಿಡಿಯುವ ಹಾಗೆ ಎರಡು ಟಕ್ಸ್ ಹಿಡಿದೆ. ಅಂಗಡಿಯ ಮೇಜಿನ ಮೇಲೆ ಕಾರ್ಪೆಟ್ ಹರಡಿ, ಕೈ ತಾನಾಗಿಯೇ ಮಾಡುವ ಕೆಲಸ ಮಾಡಿತು: ಬಟ್ಟೆಯನ್ನು ಎರಡಾಗಿ ಮಡಿಸಿ, ಅರ್ಧದ ಪೇಪರನ್ನು ಮೇಲಿಟ್ಟು, ಎರಡು ಪದರಕ್ಕೂ ಒಟ್ಟಿಗೆ ಕತ್ತರಿ. ಹೆಬ್ಬೆರಳಿಗೆ ಬೊಬ್ಬೆ ಬಂತು. ಒಂದೇ ಏಟಿಗೆ ಎಡ ಬಲ ಎರಡೂ ಮುಗಿಯಿತಲ್ಲ ಎಂದು ಬೀಗಿದೆ.

ಕಾರಿನೊಳಗೆ ಕೂತು ರಬ್ಬರ್ ಸಲ್ಯೂಷನ್ ಬಳಿದು ಬಲಗಡೆ ಅಂಟಿಸಿದೆವು. ಪೆಡಲ್ಲುಗಳು ತೂತಿನಲ್ಲಿ ಗುಂಡಿ ಕಾಜಾದಲ್ಲಿ ಕೂರುವ ಹಾಗೆ ಕೂತವು. ಅಂಟಿನ ವಾಸನೆಗೆ ತಲೆ ಹಗುರಾಗಿ, ಸುಮ್ಮಸುಮ್ಮನೆ ಕಿಸಕ್ ಎನ್ನುವ ಹಾಗಾಗಿತ್ತು. ಆಮೇಲೆ ಎಡಗಡೆಯ ಮಡಿಕೆ ಬಿಡಿಸಿ ನೆಲಕ್ಕೆ ತೀಡಿದೆ.

ಅಲ್ಲೂ ಮೂರು ತೂತು!

ಯಜಮಾನರು ಅದನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, "ಈ ಕಡೆಯಿಂದ ಯಾರೇ ಓಡಿಸೋದು?" ಎಂದರು. ಅಳಬೇಕಿತ್ತು. ಇನ್ನೊಂದು ತುಂಡು ಹಾಸನದಲ್ಲಿಲ್ಲ. ಆದರೆ ಅಂಟಿನ ಮಹಿಮೆಯೋ, ಗ್ರಹಚಾರವೋ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಕೂರಲಿ ಎಂದು ಇಷ್ಟೆಲ್ಲಾ ಮಾಡಿದ್ದು ಅದೇ ಎಡಗಡೆಗೆ, ಹಾಳು ಮಾಡಿದ್ದೂ ಅದನ್ನೇ.

ನಮ್ಮ ಗಲಾಟೆ ಕೇಳಿ ಅಪ್ಪ ಗೋಡೆ ಹಿಡಿದುಕೊಂಡು ಬಂದ. ಎಡಗಡೆ ಬಾಗಿಲಲ್ಲಿ ಬಗ್ಗಿ, ಕಣ್ಣಿಗೆ ಕಾಣದ್ದನ್ನು ಕೈಯಿಂದ ನೋಡತೊಡಗಿದ. ಕಾರ್ಪೆಟ್ ಸವರಿ, "ಚೆಂದಾಗೈತೆ" ಎಂದ. ಬೆರಳು ತೂತಿಗೆ ಸಿಕ್ಕಿತು. ನಿಂತಿತು. ಇನ್ನೊಂದಕ್ಕೆ ಹೋಯಿತು.

"ಡಿಪ್ಪರ್ರು... ಕ್ಲಚ್ಚು... ಇದು ಬ್ರೇಕು." ತಲೆ ಎತ್ತಿದ. "ಏನವ್ವಾ, ಬ್ರೇಕ್ನ ಎಡಕ್ಕೆ ಮಡಗಿ ಕ್ಲಚ್ನ ಬಲಕ್ಕೆ ಮಡಗಿದ್ದೀಯಲ್ಲ. ಇಂಗಾದ್ರೆ ಗಾಡಿ ಓಡಿಸಾದೆಂಗೆ?"

"ಮಾವ, ಅಲ್ಲಿ ಪೆಡಲ್ಲೇ ಇಲ್ವಲ್ಲ" ಎಂದರು ಯಜಮಾನರು.

"ಪೆಡ್ಲು ಇಲ್ದಿದ್ರೂ ಅಳ್ತೆ ಸರಿಯಾಗಿರ್ಬೇಕು ಕಣಪ್ಪಾ. ಸೀಟ್ ಕೂರ್ಸಿ ಮೊದ್ಲು. ಕಾಲಳ್ತೆ ನೋಡ್ತೀನಿ."

ಯಜಮಾನರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕೆಟ್ಟಿತ್ತು. ಸೀಟನ್ನು ಎತ್ತಿ ತಂದು, ಬೋಲ್ಟು ಬಿಗಿದು ಪಕ್ಕಕ್ಕೆ ನಿಂತೆವು. ಅಪ್ಪ ಚಪ್ಪಲಿ ಬಿಟ್ಟು ಎಡಗಡೆಯಿಂದ ಹತ್ತಿ ಕೂತ. ಬರಿಗಾಲನ್ನು ತೂತುಗಳ ಮೇಲಿಟ್ಟು, ಒತ್ತಿ, ಬಿಟ್ಟು, ಮತ್ತೆ ಒತ್ತಿದ.

"ಒಸಿ ದಿನ ಓಡಿಸುದ್ರೆ ಕಾಲ್ಗೆ ರೂಢಿ ಆಯ್ತದೆ" ಎಂದ. ಆಮೇಲೆ, "ನಿಂತ್ಕಂಡ್ ಏನ್ ನೋಡ್ತೀಯ? ನಡಿ, ಅಕ್ಕನ್ ಮನೇಗೋಗಾನ."

ಅಂಟು ಒಣಗಿರಲಿಲ್ಲ, ನನ್ನ ತಲೆಯಲ್ಲಿ ಇನ್ನೂ ಅಕ್ಷತೆ ಇತ್ತು. ಕಿಟಕಿಗಳನ್ನೆಲ್ಲ ಇಳಿಸಿ ಹೊರಟೆವು. ಯಜಮಾನರು ಹಿಂದೆ ಕೂತು ಇಡೀ ದಾರಿ ಕುಲುಕಿ ಕುಲುಕಿ ನಗುತ್ತಿದ್ದರು. ಅಪ್ಪ ನೆಟ್ಟಗೆ ಕೂತು, ನಾನು ಗೇರು ಬದಲಿಸಿದಾಗಲೆಲ್ಲ ಬಲಗಾಲು ಒತ್ತುತ್ತಿದ್ದ. ಯಾವುದೋ ಊರು ದಾಟಿದ ಮೇಲೆ, ರಸ್ತೆ ಖಾಲಿ ಇದ್ದ ಕಡೆ, ಅವನ ಎಡಗಾಲು ತೂತಿನ ಮೇಲೆ ಗಟ್ಟಿಯಾಗಿ ಊರಿತು. ಯಾಕೆಂದು ಗೊತ್ತಾಗದೆಯೇ ನಾನೂ ಬ್ರೇಕ್ ಒತ್ತಿದೆ. ಮರುಗಳಿಗೆ ಮುಂದಿನ ಚಕ್ರಗಳು ಬಣ್ಣ ಹೊಡೆಯದ ಒಂದು ದೊಡ್ಡ ರೋಡ್ ಹಂಪನ್ನು ಮೆಲ್ಲಗೆ ಹತ್ತಿ ಇಳಿದವು. ನನಗೆ ಅದು ಕಂಡೇ ಇರಲಿಲ್ಲ. ಅಪ್ಪನಿಗೆ ಕಾಣುವ ಮಾತೇ ಇಲ್ಲ. ಹಿಂದಿನ ಸೀಟಿನ ನಗು ನಿಂತಿತು.

ಅಲ್ಲಿಂದ ಮುಂದೆ ನಾನು ರಸ್ತೆಯನ್ನು ಒಂದು ಕಣ್ಣಲ್ಲೂ ಅಪ್ಪನ ಕಾಲನ್ನು ಒಂದು ಕಣ್ಣಲ್ಲೂ ನೋಡಿಕೊಂಡು ಓಡಿಸಿದೆ. ಅವನು ಒತ್ತಿದಾಗ ಒತ್ತಿದೆ, ಬಿಟ್ಟಾಗ ಬಿಟ್ಟೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಕಾರು ಓಡಿಸಿಲ್ಲ.

ಹೊಳೆನರಸೀಪುರದಲ್ಲಿ ಅತ್ತೆಯ ಮಂಚವನ್ನು ಕಿಟಕಿಗೆ ಸೇರಿಸಿ ಹಾಕಿದ್ದರು. ಕಾರು ನಿಂತಿದ್ದು ಅವಳಿಗೆ ಕಾಣುತ್ತಿತ್ತು. ಅಪ್ಪ ಬರಿಗಾಲಲ್ಲೇ ಒಳಗೆ ಹೋಗಿ ಅವಳ ಕೈ ತಡಕಿ ಹಿಡಿದುಕೊಂಡ. ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಅತ್ತೆ ಮೂಗು ಒರೆಸಿಕೊಂಡು ಕೇಳಿದಳು:

"ಯಾರ್ಲಾ ಓಡಿಸ್ಕಂಡ್ ಬಂದೋರು?"

"ನಾನೇ ಕಣಕ್ಕ" ಎಂದ ಅಪ್ಪ.

"ಎಡಗಡೆಯಿಂದ ಇಳ್ದಂಗಿತ್ತು?"

ಅಪ್ಪ ನನ್ನ ಕಡೆ ಮುಖ ತಿರುಗಿಸಿದ.

"ಹೂಂ ಅತ್ತೆ, ಅಪ್ಪನೇ" ಎಂದೆ. "ನಾನ್ ಸ್ಟೇರಿಂಗ್ ಹಿಡ್ಕೊಂಡಿದ್ದೆ, ಅಷ್ಟೇ."