ಮೇಲಿನ ಒಂದಡಿ ಮಣ್ಣು

ನಾನು ಮದುವೆಯಾಗಿ ರಾಮಗಿರಿ ಹತ್ತಿರದ ಈ ಊರಿಗೆ ಬಂದಾಗ, ಕೆರೆಯ ಕೆಳಗಿನ ಹೊಲದಲ್ಲಿ ಟೊಮೆಟೊ ಹಾಕುವುದನ್ನು ಮನೆಯವರು ಬಿಟ್ಟೇಬಿಟ್ಟಿದ್ದರು. ಗಿಡ ಹೂ ಬಿಡುವ ತನಕ ಚೆನ್ನಾಗಿರುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ತಲೆ ಬಾಗಿಸಿದರೆ ಮತ್ತೆ ಎತ್ತುತ್ತಿರಲಿಲ್ಲ. ಎಲೆ ಹಸಿರಾಗಿರುವಾಗಲೇ ಗಿಡ ಸಾಯುತ್ತಿತ್ತು. ಎಷ್ಟು ಔಷಧಿ ಹೊಡೆದರೂ ಅಷ್ಟೇ.

ಆ ಹೊಲ ನಮ್ಮದಲ್ಲ. ಪಾಲಾದಾಗ ಭಾವನ ಪಾಲಿಗೆ ಹೋಗಿತ್ತು. ಭಾವ ಎಂದರೆ ನಮ್ಮನೆಯವರ ಅಣ್ಣ. ಹೊಳಲ್ಕೆರೆಯಲ್ಲಿ ಅಂಗಡಿ ಇಟ್ಟುಕೊಂಡು ಅಲ್ಲೇ ಬಾಡಿಗೆ ಮನೆಯಲ್ಲಿದ್ದರು. ಹೊಲವನ್ನು ತಮ್ಮನೇ ಉತ್ತುಕೊಳ್ಳಲಿ ಎಂದು ಬಿಟ್ಟಿದ್ದರು, ಗುತ್ತಿಗೆ ಅಂತ ಎಂದೂ ಏನನ್ನೂ ಕೇಳಲಿಲ್ಲ. ಅವರದು ದೊಡ್ಡ ಮನಸ್ಸು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಮುಂದೆ ನಡೆದದ್ದನ್ನು ಓದಿ ಯಾರೂ ಅವರನ್ನು ಕೆಟ್ಟವರು ಎಂದುಕೊಳ್ಳಬಾರದು.

ಒಂದು ಸಲ ರೈತ ಸಂಪರ್ಕ ಕೇಂದ್ರದಿಂದ ಒಬ್ಬ ಮೇಡಂ ನಮ್ಮೂರಿಗೆ ಬಂದರು. ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಟ್ಟರು. ಸ್ವಲ್ಪ ಹೊತ್ತಿಗೆ ಕಾಂಡದಿಂದ ಹಾಲಿನ ಎಳೆಯಂಥದ್ದು ನೀರಿಗೆ ಇಳಿಯಿತು. ರೋಗ ಮಣ್ಣಲ್ಲಿದೆ, ಬೇರಿನಿಂದ ಒಳಗೆ ಹೋಗುತ್ತದೆ, ಮೇಲೆ ಔಷಧಿ ಹೊಡೆದರೆ ಏನೂ ಪ್ರಯೋಜನವಿಲ್ಲ ಎಂದರು. ಆಮೇಲೆ ಬಿಳಿ ಪುಡಿಯ ಒಂದು ಪ್ಯಾಕೆಟ್ ತೆಗೆದು ನನ್ನ ಕೈಗೆ ಕೊಟ್ಟರು. ಅದರಲ್ಲಿರುವುದೂ ಕಣ್ಣಿಗೆ ಕಾಣದ ಜೀವಾಣುಗಳೇ ಅಂತೆ, ಆದರೆ ಒಳ್ಳೆಯವು. ಅವು ಬೇರಿನ ಸುತ್ತ ಮೊದಲೇ ಮನೆ ಮಾಡಿಕೊಂಡುಬಿಟ್ಟರೆ ಕೆಟ್ಟವಕ್ಕೆ ಅಲ್ಲಿ ಜಾಗವೂ ಸಿಗುವುದಿಲ್ಲ, ಊಟವೂ ಸಿಗುವುದಿಲ್ಲ. ಗಿಡಕ್ಕೂ ರೋಗ ತಡೆದುಕೊಳ್ಳುವ ಶಕ್ತಿ ಬರುತ್ತದೆ.

"ಒಂದೇ ವರ್ಷಕ್ಕೆ ಆಗಲ್ಲ ಅಕ್ಕ," ಎಂದರು. "ಮಣ್ಣಲ್ಲಿ ಅವು ಬಾಳ್ವೆ ಮಾಡಬೇಕು. ನೀವು ಸಾಕಬೇಕು."

ಸಾಕಬೇಕು ಎಂಬ ಮಾತು ನನಗೆ ಹಿಡಿಸಿತು. ಬೇವಿನ ಮರದ ನೆರಳಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ರಾಶಿ ಹಾಕಿ, ಪುಡಿ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹೊದಿಸುತ್ತಿದ್ದೆ. ಚೀಲ ಒಣಗಿತೇ ಎಂದು ದಿನಾ ಮುಟ್ಟಿ ನೋಡುತ್ತಿದ್ದೆ. ರಾಶಿಯನ್ನು ಮಗುಚುವಾಗ ಒಳಗಿಂದ ಬೆಚ್ಚನೆಯ ಉಸಿರು ಬಂದಂತಾಗುತ್ತಿತ್ತು. ನೆಡುವ ದಿನ ಸಸಿಯ ಬೇರನ್ನು ಆ ಪುಡಿ ಕಲಸಿದ ನೀರಲ್ಲಿ ಅದ್ದಿ ಅದ್ದಿ ಕೊಡುತ್ತಿದ್ದೆ, ನಮ್ಮನೆಯವರು ನೆಡುತ್ತಾ ಹೋಗುತ್ತಿದ್ದರು. ಮೊದಲ ವರ್ಷ ಅರ್ಧಕ್ಕರ್ಧ ಗಿಡ ಹೋದವು. ಮರುವರ್ಷ ಮೆಕ್ಕೆಜೋಳ ಹಾಕಿದರೂ ಗೊಬ್ಬರ ಕೊಡುವುದನ್ನು ಮಾತ್ರ ಬಿಡಲಿಲ್ಲ. ಕಸವನ್ನು ಸುಡಲು ಬಿಡದೆ ಮಣ್ಣಿಗೇ ಸೇರಿಸಿದೆ. ಹೀಗೇ ವರ್ಷಗಳು ಹೋದವು. ಕೊನೆಗೊಂದು ಬೆಳೆ ನಿಂತಿತು. ಬೇಸಿಗೆ ಮುಗಿಯುವವರೆಗೂ ಕಾಯಿ ಬಿಡಿಸಿದೆವು. ನಮ್ಮನೆಯವರು ಬದುವಿನ ಮೇಲೆ ಕೂತು, "ಇದು ನಿನ್ನ ಹೊಲ ಬಿಡು," ಎಂದಿದ್ದರು. ಅವರು ಹೆಚ್ಚು ಮಾತಾಡುವವರಲ್ಲ. ಆ ಮಾತನ್ನು ನಾನು ಬಹಳ ದಿನ ಮನಸ್ಸಲ್ಲಿ ಇಟ್ಟುಕೊಂಡಿದ್ದೆ.

ಆ ಮೇಡಂಗೂ ಬಹಳ ಸಂತೋಷವಾಗಿತ್ತು. ಬಿ.ದುರ್ಗದ ಕಡೆಯ ಹೆಂಗಸರನ್ನು ಕರೆದುಕೊಂಡು ಬಂದು ನಮ್ಮ ಹೊಲ ತೋರಿಸುತ್ತೇನೆ ಎಂದು ಹೇಳಿದ್ದರು.

ಅಷ್ಟರಲ್ಲಿ ಹೊಸದುರ್ಗದಲ್ಲಿ ನಮ್ಮ ಅವ್ವ ಬಿದ್ದು ಕಾಲು ಮುರಿದುಕೊಂಡಳು ಎಂದು ಫೋನ್ ಬಂತು. ಬೆಳೆ ಮುಗಿದಿತ್ತು, ಹೊಲ ಖಾಲಿಯಿತ್ತು. ಹೋಗಿ ಅವಳ ಹತ್ತಿರ ಉಳಿದೆ. ಅವಳು ಕೋಲು ಹಿಡಿದು ಓಡಾಡುವಂತಾದ ಮೇಲೆ ವಾಪಸು ಹೊರಟೆ. ಬಸ್ಸಿಳಿದಾಗ ನಮ್ಮನೆಯವರು ಬೈಕ್ ತಂದಿದ್ದರು. ಕೆರೆ ಏರಿಯ ದಾರಿ ಹಿಡಿಯದೆ, ಸುತ್ತು ಹಾಕಿ ಊರ ಹಿಂದಿನಿಂದ ಮನೆಗೆ ಕರೆತಂದರು. ಏರಿ ಮೇಲೆ ರಸ್ತೆ ಕೆಟ್ಟಿದೆ ಎಂದರು. ನಾನು ನಂಬಿದೆ.

ಮರುದಿನ ಬೆಳಿಗ್ಗೆ ಒಬ್ಬಳೇ ಹೋದೆ. ಹೊಲ ತಗ್ಗಿಗೆ ಇಳಿದಿತ್ತು. ಬದುವಿನಿಂದ ಕೆಳಗೆ ಇಳಿಯಲು ಕಾಲು ಚಾಚಿ ನೆಲ ಹುಡುಕಬೇಕಾಯಿತು. ಜೆಸಿಬಿಯ ಹಲ್ಲಿನ ಗೆರೆಗಳು ಸಾಲುಸಾಲಾಗಿದ್ದವು. ಕಪ್ಪು ಮಣ್ಣು ಎಲ್ಲೂ ಇರಲಿಲ್ಲ, ಕೆಳಗಿನ ಕೆಂಪು ಗರಸು ಎದ್ದು ಕಾಣುತ್ತಿತ್ತು. ಟಿಪ್ಪರ್ ಓಡಾಡಿದ ಜಾಗ ರಸ್ತೆಯ ಹಾಗೆ ಗಟ್ಟಿಯಾಗಿತ್ತು. ನಾನು ಅಳಲಿಲ್ಲ. ಯಾರದೋ ಹೊಲಕ್ಕೆ ಬಂದಿದ್ದೇನೆ ಅನ್ನಿಸಿ, ಸುತ್ತಲಿನ ಮರಗಳನ್ನು ನೋಡಿ ನಮ್ಮದೇ ಎಂದು ಖಾತ್ರಿ ಮಾಡಿಕೊಂಡೆ.

ಮನೆಗೆ ಬಂದರೆ ಭಾವ ಬಂದು ಜಗಲಿ ಮೇಲೆ ಕೂತಿದ್ದರು. ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸಲು ಸೈಟು ತಗೊಂಡಿದ್ದರಂತೆ. ಇಟ್ಟಿಗೆ ಭಟ್ಟಿಯವರು ಮಣ್ಣು ಕೊಟ್ಟರೆ ಇಟ್ಟಿಗೆ ಕೊಡುತ್ತೇವೆ ಎಂದರಂತೆ. ಅವರು ಅದನ್ನು ಬಹಳ ಸಹಜವಾಗಿ, ಅಂಗಡಿಯಲ್ಲಿ ಮಾತಾಡುವ ಹಾಗೆಯೇ ಹೇಳಿದರು. ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಭಾವನ ಎದುರು ನಿಂತು ನಾನು ಎಂದೂ ಮಾತಾಡಿದವಳಲ್ಲ.

"ಯಾಕವ್ವ ಸಪ್ಪಗಿದೀಯ?" ಎಂದರು. "ಜಮೀನು ಎಲ್ಲೂ ಹೋಗಿಲ್ಲ, ಅಲ್ಲೇ ಐತೆ. ಮ್ಯಾಲಿನ ಒಂದಡಿ ಮಣ್ಣು ಅಷ್ಟೆ. ಕೆರೆ ಹೂಳು ಹೊಡಿಸಿ ಕೊಡ್ತೀನಿ."

"ಅದ್ರಾಗೆ ಜೀವ ಇತ್ತು ಭಾವ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ನಗಲಿಲ್ಲ, ಬೈಯಲಿಲ್ಲ. ಅರ್ಥವಾಗದೆ ತಮ್ಮನ ಮುಖ ನೋಡಿದರು. ನಮ್ಮನೆಯವರು ನೆಲ ನೋಡುತ್ತಾ ಕೂತಿದ್ದರು. ಮಣ್ಣು ಹೋಗುವುದು ಅವರಿಗೆ ನಾನು ಹೊಸದುರ್ಗಕ್ಕೆ ಹೊರಡುವ ಮೊದಲೇ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಅಣ್ಣನ ಹೊಲ, ಅಣ್ಣನ ಮಾತು, ಬೇಡ ಎನ್ನಲು ಬಾಯಿ ಬರಲಿಲ್ಲ ಎಂದು ಆಮೇಲೆ ಹೇಳಿದರು. ಅಣ್ಣನಿಗೆ ಹೇಳದಿದ್ದರೆ ಬೇಡ, ನನಗೊಂದು ಮಾತು ಹೇಳಬಹುದಿತ್ತು. ಒಂದು ಪುಟ್ಟಿಯಷ್ಟಾದರೂ ಮಣ್ಣು ತಂದು ಹಿತ್ತಲಲ್ಲಿ ಹಾಕಿಕೊಳ್ಳುತ್ತಿದ್ದೆ.

ಮೇಡಂಗೆ ಫೋನ್ ಮಾಡಿ, ಹೆಂಗಸರನ್ನು ಕರೆತರಬೇಡಿ ಎಂದೆ. ಯಾಕೆ ಅಕ್ಕ ಎಂದು ಕೇಳಿದರು. ಮಣ್ಣು ಹೋಯಿತು ಎಂದೆ.

ಭಾವ ಮಾತು ತಪ್ಪಲಿಲ್ಲ, ಹೂಳು ಹೊಡಿಸಿದರು. ಬೂದು ಬಣ್ಣದ ನುಣ್ಣನೆಯ ಮಣ್ಣು. ಒಣಗಿದ ಮೇಲೆ ಹೆಂಚಿನ ಹಾಗೆ ಬಿರಿಯಿತು. ಅದರಲ್ಲೂ ಪುಡಿ ಬೆರೆಸಿದ ಗೊಬ್ಬರ ಹಾಕಿ ಒಂದು ಮೂಲೆಯಲ್ಲಿ ಟೊಮೆಟೊ ನೆಟ್ಟೆ. ಹೂ ಬಂತು. ಬಂದ ವಾರದಲ್ಲೇ ಗಿಡ ತಲೆ ಬಾಗಿಸಿದವು. ಮೊದಲಿನಿಂದ ಮತ್ತೆ ಅಷ್ಟು ವರ್ಷ ಸಾಕಬೇಕು ಎಂಬುದು ನನಗೆ ಗೊತ್ತಿತ್ತು. ಗಿಡ ಕಿತ್ತು ಹಾಕಿ ಮನೆಗೆ ಬಂದೆ.

ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದೆವು. ನನ್ನ ಓರಗಿತ್ತಿ ಹಾಲು ಉಕ್ಕಿಸುವಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಮುಂದಿನ ಕೋಣೆಗಳಿಗೆ ಬಣ್ಣ ಬಳಿದಿದ್ದರು, ಹಿಂದಿನ ಕೋಣೆಗೆ ಇನ್ನೂ ಗಾರೆ ಆಗಿರಲಿಲ್ಲ. ಊಟದ ಎಲೆಗಳನ್ನು ತರಲು ಆ ಕೋಣೆಗೆ ಹೋದವಳು ಇಟ್ಟಿಗೆ ಗೋಡೆಯ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಒರಟಾಗಿತ್ತು, ತಣ್ಣಗಿತ್ತು. ನಮ್ಮನೆಯವರು ಬಾಗಿಲಿಗೆ ಬಂದವರು ನನ್ನನ್ನು ನೋಡಿ ಹಾಗೇ ಹಿಂದಕ್ಕೆ ಹೋದರು.

ಊರಿಗೆ ಬರುವಾಗ ಈ ಸಲ ಏರಿಯ ಮೇಲಿನ ದಾರಿಯಲ್ಲೇ ಬಂದರು. ಹೊಲದ ಹತ್ತಿರ ಬೈಕ್ ನಿಲ್ಲಿಸಿದರು.

"ನಿನಗೆ ಹೇಳ್ಬೇಕಾಗಿತ್ತು ನಾನು," ಎಂದರು.

ಆ ಮಾತಿಗೆ ನಾನು ಎಷ್ಟು ದಿನ ಕಾದಿದ್ದೆನೋ. ಅವರು ಹೇಳಿದ ದಿನ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೇಳಿದಾಗ ನನ್ನೊಳಗೆ ಏನೂ ಅಲುಗಲಿಲ್ಲ.

"ಹೋಗಾಣ ಬರ್ರಿ," ಎಂದೆ. "ದನಕ್ಕೆ ನೀರು ಇಟ್ಟಿಲ್ಲ."

ಈಗ ಅಲ್ಲಿ ಮೆಕ್ಕೆಜೋಳ ಹಾಕುತ್ತೇವೆ. ಅದಕ್ಕೆ ಆ ರೋಗ ಬರುವುದಿಲ್ಲ. ಮಳೆಗಾಲಕ್ಕೆ ಮೊದಲು ನಮ್ಮನೆಯವರು ತಾವೇ ಹೋಗಿ ಪುಡಿಯ ಪ್ಯಾಕೆಟ್ ತಂದು, ಗೊಬ್ಬರಕ್ಕೆ ಬೆರೆಸಿ, ಗೋಣಿಚೀಲ ನೆನೆಸಿ ಹೊದಿಸುತ್ತಾರೆ. ನಾನು ಮಾಡುತ್ತಿದ್ದದ್ದನ್ನು ನೋಡಿಯೇ ಕಲಿತದ್ದು. ಮೊನ್ನೆ ಅಡುಗೆಮನೆಯ ಬಾಗಿಲಿಗೆ ಬಂದು, ಹದ ಆಗಿದೆಯೇ ಒಂದು ಸಲ ಮುಟ್ಟಿ ನೋಡು ಬಾ ಎಂದು ಕರೆದರು. ಕೈಯಲ್ಲಿ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಬೇವಿನ ಮರದ ಕಡೆ ಹೋದರು.