ಸಮುದ್ರಕ್ಕೂ ಟೈಮ್ ಉಂಟು

ಒಗೆದ ಬೆಡ್‌ಶೀಟ್ ಮಡಚುವ ಕೆಲಸವನ್ನು ನಾನು ಬೇಕೆಂದೇ ನಿಧಾನವಾಗಿ ಮಾಡುತ್ತೇನೆ. ಇಬ್ಬರು ಎರಡು ತುದಿ ಹಿಡಿದು ಒಮ್ಮೆ ಜಾಡಿಸಿದರೆ ಬಟ್ಟೆಯಲ್ಲಿ ಒಂದು ಉಬ್ಬು ಎದ್ದು ಆ ತುದಿಯವರೆಗೆ ಓಡುತ್ತದಲ್ಲ, ಅದನ್ನು ನೋಡುವ ಚಪಲ. ಮಲ್ಪೆಯ ಅಲೆಗಳ ಪಕ್ಕದಲ್ಲೇ ಬೆಳೆದವಳು ಮದುವೆಯಾಗಿ ಅಹಮದಾಬಾದಿಗೆ ಬಂದರೆ ಇಂಥ ಚಪಲಗಳು ಅಂಟಿಕೊಳ್ಳುತ್ತವೆ. ಎಪ್ಪತ್ತರ ದಶಕದ ಆ ಊರಿನಲ್ಲಿ ನದಿಯೊಂದಿತ್ತು, ಇಲ್ಲವೆನ್ನುವುದಿಲ್ಲ. ವರ್ಷದ ಹೆಚ್ಚು ಕಾಲ ಅದರ ನಡುಮಧ್ಯದಲ್ಲಿ ದೋಬಿಗಳ ಬಟ್ಟೆ ಒಣಗುತ್ತಿತ್ತು.

ನಮ್ಮವರು ಧಾರವಾಡದ ಕಡೆಯವರು, ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ. ಮದುವೆಯಾಗುವವರೆಗೆ ಸಮುದ್ರವನ್ನೇ ಕಂಡಿರದ ಇವರು ಅಲೆಯ ಬಗ್ಗೆ ನನಗೇ ಪಾಠ ಹೇಳಿದರು, ಅದೂ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡು.

"ಎಲ್ಲೋ ದೂರದಾಗ ಗಾಳಿ ಬೀಸಿ ಅಲೆ ಹುಟ್ಟತದ. ಆದ್ರ ಅಲ್ಲಿನ ನೀರು ಇಲ್ಲೀತನಕ ಬರೂದಿಲ್ಲ. ನೋಡು, ಚಾದರ ನಿನ್ನ ಕೈಯಾಗನ ಅದ. ಓಡಿದ್ದು ಉಬ್ಬು ಅಷ್ಟ."

ದಡದ ಹತ್ತಿರ ನೆಲ ಮೇಲೇರಿದಂತೆ ಅಲೆಯ ಬುಡಕ್ಕೆ ತಡೆಯಾಗುತ್ತದಂತೆ. ತಲೆ ಮಾತ್ರ ಹಳೆಯ ರಭಸದಲ್ಲೇ ಮುಂದೆ ಹೋಗಿ ಮುಗ್ಗರಿಸುತ್ತದಂತೆ. ಇರಬಹುದು. ಆ ಮುಗ್ಗರಿಸುವ ಸದ್ದನ್ನೇ ಜೋಗುಳ ಮಾಡಿಕೊಂಡು ಮಲಗಿದವಳಿಗೆ ಅದರ ವಿವರಣೆಯಿಂದ ನಿದ್ದೆ ಬರುವುದೆ?

ಮಗಳು ಶುಭಾಗೆ ಐದು ತುಂಬಿದರೂ ಊರಿಗೆ ಕರೆದೊಯ್ಯಲಾಗಿರಲಿಲ್ಲ. ಅವಳಿಗೆ ಅಲೆಯೆಂದರೆ ಚಾದರ. ಪಕ್ಕದ ಮನೆಯ ಮಕ್ಕಳೊಡನೆ ಗುಜರಾತಿಯಲ್ಲಿ ಜಗಳವಾಡಿ ಬಂದು ನನ್ನ ಹತ್ತಿರ ಅರೆಬರೆ ಕನ್ನಡದಲ್ಲಿ ಚಾಡಿ ಹೇಳುತ್ತಿದ್ದಳು. ಭಾಷೆ ಹೋದರೆ ಹೋಗಲಿ, ನನ್ನ ಸಮುದ್ರವೂ ಗೊತ್ತಿಲ್ಲದೆ ಹೋದರೆ ಇವಳು ನನ್ನವಳು ಹೇಗಾದಾಳು ಎಂದು ನನಗೆ ಅಳುವೇ ಬರುತ್ತಿತ್ತು. ಒಂದು ರಜೆಯಲ್ಲಿ ಹಠ ಹಿಡಿದು ಇಬ್ಬರನ್ನೂ ಸೂರತ್ತಿನ ರೈಲು ಹತ್ತಿಸಿದೆ. ಅಲ್ಲಿಂದ ಡುಮಾಸಿನ ಸಮುದ್ರ ಹತ್ತಿರವೆಂದು ಕೇಳಿದ್ದೆ.

ಸೂರತ್ತಿನಲ್ಲಿ ನಮ್ಮೂರಿನ ವಾಸಣ್ಣನ ಹೋಟೆಲಿತ್ತು. ದೋಸೆ ತಂದಿಡುತ್ತಾ ಅವರು, "ಡುಮಾಸಿನಲ್ಲಿ ಸಮುದ್ರ ಉಂಟು ತಂಗಿ. ಆದ್ರೆ ಅದಕ್ಕೆ ಟೈಮ್ ಉಂಟು" ಎಂದರು. ನಾನು ನಕ್ಕುಬಿಟ್ಟೆ. ಸಮುದ್ರವೇನು ಬ್ಯಾಂಕೇ, ಹೊತ್ತಾಯಿತೆಂದು ಬಾಗಿಲು ಹಾಕಲು? ನಮ್ಮ ಕಡೆ ಇಳಿತವೆಂದರೆ ಸಮುದ್ರ ಮರ್ಯಾದೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವುದು, ಅಷ್ಟೇ.

ಡುಮಾಸಿನಲ್ಲಿ ಇಳಿದು ನೋಡಿದರೆ ಸಮುದ್ರವೇ ಇಲ್ಲ! ಕಣ್ಣು ಹಾಯುವವರೆಗೆ ಕಪ್ಪು ಕೆಸರು, ಅದರಾಚೆ ಗೆರೆಯಷ್ಟು ನೀರು. ಸಂಜೆ ಅದು ಮರಳಿ ಬಂದದ್ದು ನಿಜ. ಆದರೆ ತಡಮಾಡಿ ಮನೆಗೆ ಬರುವ ಗಂಡಸಿನ ಹಾಗೆ ಸದ್ದಿಲ್ಲದೆ ಬಂತು. "ಕೆಸರು ಅಲೆಯ ಸೊಕ್ಕೆಲ್ಲ ಹೀರಿಬಿಡತದ" ಎಂದರು ಇವರು. ನನಗೆ ಕಣ್ಣು ತುಂಬಿತು. ಶುಭಾ ಮಾತ್ರ ಅಷ್ಟರಲ್ಲಿ ಕೆಸರಿನಲ್ಲಿ ಹೂತು, ಎದ್ದು, ಏಡಿಗಳನ್ನು ಅಟ್ಟಾಡಿಸಿ, ಟೊಮೇಟೊ ಭಜಿ ತಿಂದು, ಹೊರಡುವಾಗ ಬರುವುದಿಲ್ಲವೆಂದು ರಚ್ಚೆ ಹಿಡಿದಳು.

ಮರುವರ್ಷ ಅಂತೂ ಮಲ್ಪೆಗೆ ಹೋದೆವು. ಅಲೆ ಎದ್ದಿತು, ಬುಡಕ್ಕೆ ತಡೆಯಾಯಿತು, ತಲೆ ಮುಗ್ಗರಿಸಿತು. ಆ ಸದ್ದಿಗೆ ನನ್ನ ಜೀವ ತಂಪಾಯಿತು. "ನೋಡೇ ಶುಭಾ!" ಎಂದು ತಿರುಗಿದರೆ ಅವಳು ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಾಳೆ. ಸ್ವಲ್ಪ ಹೊತ್ತು ಕಾದು ನನ್ನ ಸೆರಗೆಳೆದಳು.

"ಅಮ್ಮ, ಈ ದರಿಯೊ ಯಾವಾಗ ಹೋಗ್ತದೆ? ನನಗೆ ಆಡ್ಬೇಕು."

ಸಮುದ್ರಕ್ಕೆ ಅವಳ ಬಾಯಲ್ಲಿ ಗುಜರಾತಿ ಹೆಸರೇ. ನಮ್ಮ ಸಮುದ್ರ ಎಲ್ಲಿಗೂ ಹೋಗುವುದಿಲ್ಲ ಎಂದೆ, ಹೆಮ್ಮೆಯಿಂದಲೇ. ಅವಳ ಕಣ್ಣು ತುಂಬಿತು. ಆ ಕಣ್ಣೀರು ನನಗೆ ಪರಿಚಯದ್ದೇ. ನನ್ನ ಹಂಬಲವೆಲ್ಲ ಇದ್ದ ಹಾಗೇ ಅವಳನ್ನು ತಲುಪಿತ್ತು, ನನ್ನ ಸಮುದ್ರವೊಂದನ್ನು ಬಿಟ್ಟು. ಅಲ್ಲಿನ ನೀರು ಇಲ್ಲಿಗೆ ಬರುವುದಿಲ್ಲವೆಂದು ಇವರು ಮೊದಲೇ ಹೇಳಿದ್ದರಲ್ಲ. ಸೆರಗಿನಲ್ಲಿ ಅವಳ ಕಣ್ಣೊರೆಸಿ, ಮುಂದಿನ ಸಲ ವಾಸಣ್ಣನ ಹತ್ತಿರ ಸರಿಯಾಗಿ ಟೈಮ್ ಕೇಳಿಕೊಂಡು ಡುಮಾಸಿಗೆ ಹೋಗೋಣ, ನೀರಿಲ್ಲದ ಹೊತ್ತು ನೋಡಿ, ಎಂದೆ.