ಜಂಗಲ್ ಮೇಲೆ ಪಿಯಾನೊ

ಪಿಯಾನೊಗೆ ಗಾಲಿಗಳಿರುತ್ತವೆ ಎಂದು ನನಗೆ ಗೊತ್ತಾದದ್ದು ಹೊಸನಗರದಲ್ಲಿ. ಅರವತ್ತರ ದಶಕ. ಆಗಷ್ಟೇ ಬಿ.ಎ. ಮುಗಿಸಿ ಸಾಗರದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಮಂಗಳೂರಿನಿಂದ ಬಂದ ಸಂಗೀತದ ಟೀಚರು ಅದೇ ಶಾಲೆಯಲ್ಲಿ ಹಾರ್ಮೋನಿಯಂ ಹಿಡಿದು ಪ್ರಾರ್ಥನೆ ಹಾಡಿಸುತ್ತಿದ್ದರು. ಅವರು ಕಲಿತದ್ದು ಪಿಯಾನೊ. ಮೇಗರವಳ್ಳಿ ಕಡೆಯ ಬಂಗಲೆಯೊಂದರಲ್ಲಿ ಹಳೆಯ ಪಿಯಾನೊ ಸುಮ್ಮನೆ ಬಿದ್ದಿದೆ, ಬೇಕಾದರೆ ಒಯ್ಯಿರಿ ಎಂದು ಮಾಲೀಕರು ಹೇಳಿ ಕಳಿಸಿದರು. ಅದು ಸಾಗರ ತಲುಪಿದರೆ ಸ್ವಂತ ಕ್ಲಾಸು. ಶಾಲೆಯ ಕೆಲಸ ಆ ವರ್ಷಕ್ಕೆ ಮಾತ್ರ, ಪಿಯಾನೊ ಬರದಿದ್ದರೆ ಊರಿಗೆ ಮರಳಿ ಅಣ್ಣನ ಅಂಗಡಿಯಲ್ಲಿ ಕೂರುವುದು. ಟೀಚರು ಹೊರಟೇಬಿಟ್ಟರು. ಜೊತೆಗೆ ನನ್ನನ್ನೂ ಕರೆದರು.

ತೀರ್ಥಹಳ್ಳಿ ದಾಟಿಸಿ ಲಾರಿಯಲ್ಲಿ ಹೊಸನಗರಕ್ಕೆ ತಂದೆವು. ಅಲ್ಲಿಂದ ಹೊಳೆಯವರೆಗೆ ಎತ್ತಿನ ಗಾಡಿ. ಮರುದಿನ ಬೆಳಿಗ್ಗೆ ಗಾಡಿಯವನು ಖುಷಿಯಿಂದ ಹೇಳಿದ:

“ಅಮ್ಮಾ, ನಿಮ್ಮ ಪೆಟ್ಗೆ ಗಾಲಿ ತುಕ್ಕು ಹಿಡ್ದು ಕೂತಿದ್ವು. ನನ್ನ ಗಾಡಿ ಜತಿಗೆ ಅದಕ್ಕೂ ಕೀಲೆಣ್ಣೆ ಹಾಕೀನಿ. ಈಗ ಬೆರಳಲ್ಲಿ ದೂಡಿದ್ರೂ ಹೋಗ್ತದೆ.”

“ಒಳ್ಳೇದಾಯ್ತು ಮಾರಾಯ್ರೆ,” ಎಂದರು ಟೀಚರು. ದಾರಿಗೆ ಹೊರಡುವ ಮುಂಚೆ ಗಾಲಿಗೆ ಎಣ್ಣೆ ಕೊಡುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹೊಳೆ ದಾಟಲು ಇದ್ದದ್ದು ಜಂಗಲ್, ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಬಡಿದದ್ದು. ಪಿಯಾನೊವನ್ನು ಗಾಡಿಯಿಂದ ಇಳಿಸಿ ಹಲಗೆಯ ಮೇಲೆ ನಿಲ್ಲಿಸಿ, ಒಂದು ಕಂಬಕ್ಕೆ ಹಗ್ಗದಿಂದ ಕಟ್ಟಿದರು. ಎತ್ತಿ ಇಳಿಸಲು ಗಾಡಿಯವನೂ ಹತ್ತಿದ.

“ಎಂತದಮ್ಮ ಇದ್ರೊಳಗೆ? ನಿಮ್ಮತ್ತೇನ ಕೂರ್ಸೀರಾ?” ಎಂದ ಜಂಗಲ್ ನಡೆಸುವವನು.

“ಅತ್ತೆ ಬೇಡ ಅಂತಲೇ ನಾನಿದನ್ನು ಕಟ್ಟಿಕೊಂಡದ್ದು,” ಎಂದರು ಟೀಚರು.

ನಡುಹೊಳೆಯಲ್ಲಿ ಸೆಳವಿಗೆ ಸಿಕ್ಕಿ ಜಂಗಲ್ ಒಂದು ಬದಿಗೆ ತಗ್ಗಿತು. ಹಗ್ಗದ ಗಂಟು ಬಿಚ್ಚಿಕೊಂಡಿತು. ಪಿಯಾನೊ ಸದ್ದೇ ಇಲ್ಲದೆ ಅಂಚಿನತ್ತ ಹೊರಟಿತು. ನನಗೆ ಈಗಲೂ ತಡೆಯಲಾಗದ್ದು ಆ ಸದ್ದಿಲ್ಲದಿರುವಿಕೆ. ಕರೆಯದೆಯೇ ಆ ಪಿಯಾನೊ ಮತ್ತೆ ಕಣ್ಣೆದುರು ಬರುತ್ತದೆ, ಅನ್ನ ಕಲಸುವಾಗ, ಬಸ್ಸಿನಲ್ಲಿ ಕೂತಾಗ. ಬಂದಾಗಲೆಲ್ಲ ಅಷ್ಟೇ ನಯವಾಗಿ ಜಾರುತ್ತದೆ. ಅಂದು ಟೀಚರು ಅದಕ್ಕೆ ಅಡ್ಡ ಹೋಗಿ, ಅಂಚಿನ ಕಂಬಕ್ಕೆ ಬೆನ್ನು ಕೊಟ್ಟು ಎರಡೂ ಕೈ ಚಾಚಿದರು.

“ಬಿಡ್ರಮ್ಮ, ಹೋದ್ರೆ ಹೋಗ್ಲಿ, ನೀವೂ ಹೋಗ್ತೀರಿ,” ಎಂದು ಜಂಗಲ್‌ನವನು ಕೂಗಿದ.

ಅವರು ಬಿಡಲಿಲ್ಲ. ಗಾಡಿಯವನು ತನ್ನ ಕಂಬಳಿಯನ್ನು ಗಾಲಿಯಡಿ ತುರುಕಿದ ಮೇಲೆ ಅದು ನಿಂತಿತು. ಅಷ್ಟರಲ್ಲಿ ಅವರ ಎಡಗೈ ಕಂಬಕ್ಕೂ ಪಿಯಾನೊಗೂ ನಡುವೆ ಸಿಕ್ಕಿತ್ತು.

ಸಾಗರದ ಡಾಕ್ಟರಿಗೆ ಉಂಗುರದ ಬೆರಳನ್ನು ಉಳಿಸಲಾಗಲಿಲ್ಲ. “ಇನ್ನು ಹಾಡು ಮಾತ್ರ ಹೇಳಿಕೊಡಿ,” ಎಂದರು.

“ಬಾಕಿ ಬೆರಳು ಉಂಟಲ್ಲ ಡಾಕ್ಟ್ರೇ.”

ಕೈಯ ಕಟ್ಟು ಬಿಚ್ಚುವ ಮೊದಲೇ ಬಾಡಿಗೆ ಕೋಣೆಗೆ ಬೋರ್ಡು ಹಾಕಿಸಿದರು. ಕಲಿತಿದ್ದ ಕೃತಿಗಳು ಆ ಎಡಗೈಗೆ ಒಗ್ಗಲಿಲ್ಲ. ಒಗ್ಗುವಂಥವನ್ನು ತಾವೇ ರಚಿಸತೊಡಗಿದರು. ಒಂದು ಸ್ವರಕ್ಕಾಗಿ ಕಿರುಬೆರಳನ್ನು ಎಳೆದೆಳೆದು ಚಾಚುವರು, ಸಿಗದಿದ್ದರೆ ಆ ಸಾಲನ್ನೇ ಹೊಡೆದುಹಾಕಿ ಬೇರೆ ಬರೆಯುವರು. ನಾನು ಹೋದರೂ ಅವರಿಗೆ ಮಾತಿಗೆ ಬಿಡುವಿರುತ್ತಿರಲಿಲ್ಲ.

ಮೊದಲು ಕಲಿಯಲು ಬಂದವರು ನಮ್ಮ ಶಾಲೆಯ ಹುಡುಗಿಯರು. ಅವರ ಮುಂದೆ ಬೇರೆ ಮಾದರಿ ಇರಲಿಲ್ಲ. ಟೀಚರ ಕೈ ನೋಡಿ ನೋಡಿ ಎಲ್ಲರೂ ಎಡಗೈಯ ಉಂಗುರದ ಬೆರಳನ್ನು ಮಡಚಿಟ್ಟುಕೊಂಡೇ ನುಡಿಸುತ್ತಿದ್ದರು. ಅದನ್ನು ಕಂಡ ದಿನ ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಬಾಗಿಲಲ್ಲಿ ನಿಂತೆ. ಟೀಚರು ಒಬ್ಬೊಬ್ಬಳ ಬೆರಳನ್ನೂ ಬಿಡಿಸಿ ಪಿಯಾನೊದ ಬಿಳಿ ಪಟ್ಟಿಯ ಮೇಲೆ ಒತ್ತಿ ಇಟ್ಟರು.

“ನಿಮಗೆ ಉಂಟಲ್ಲ ಮಕ್ಳೇ, ಯಾಕೆ ಅಡಗಿಸಿಡುವುದು? ಹಾಕಿ. ಮೊದಲಿಂದ.”